ಬಿಬವೇವಾಡಿಯಲ್ಲಿ ಪೇಪರ್ ಓದುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮೂರು ಕಡೆಯಿಂದ ಮೂರು ರೀತಿಯಲ್ಲಿ ಬಂತು. ನಮ್ಮ ಶಾಲೆಯ ಗುಮಾಸ್ತರು ಹೃದಯಾಘಾತ ಎಂದರು. ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹೋಟೆಲಿನವರೊಬ್ಬರು ಕಾಮಾಲೆ ಎಂದು ಖಡಾಖಂಡಿತವಾಗಿ ಹೇಳಿದರು. ಮೂರನೆಯವರು ಅವರ ಊರ ಕಡೆಯವರೇ. "ಅವರಿಗೆ ಎಂತ ಆಗ್ತದೆ? ಮೊನ್ನೆ ಒಂದು ಮದುವೆಯಲ್ಲಿ ಪಾಯಸ ಮತ್ತೊಂದು ಸಲ ಹಾಕಿಸ್ಕೊಂಡು ಉಂಡಿದ್ದಾರೆ" ಎಂದು ನಕ್ಕುಬಿಟ್ಟರು.

ಬೇರೆಯವರ ಸಾವಾಗಿದ್ದರೆ ಮೊದಲು ಕೇಳಿದ್ದನ್ನೇ ನಂಬಿ ಸುಮ್ಮನಾಗುತ್ತಿದ್ದೆ. ಇವರ ವಿಷಯದಲ್ಲಿ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಮೂವರನ್ನೂ "ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ. ಗುಮಾಸ್ತರಿಗೆ ಹಾಲಿನವನು ಹೇಳಿದ್ದ. ಹಾಲಿನವನಿಗೆ ಯಾರು ಹೇಳಿದ್ದೆಂದು ಹಾಲಿನವನಿಗೇ ನೆನಪಿರಲಿಲ್ಲ. ಕೊನೆಗೆ, ವಯಸ್ಸಾದ ಮೇಲೆ ಅವರು ಹೋಗಿ ನೆಲೆಸಿದ್ದ ಊರಿಗೆ ಟ್ರಂಕ್ ಕಾಲ್ ಮಾಡಿ, ಗಂಟೆಗಟ್ಟಲೆ ಕಾದು, ಅವರ ಮಗಳ ಬಾಯಿಂದಲೇ ಕೇಳಿದೆ. ಹೌದು, ಹೋಗಿದ್ದರು. ಊಟ ಮುಗಿಸಿ ಪೇಪರ್ ಹಿಡಿದು ಆರಾಮಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಫೋನ್ ಇಟ್ಟ ಮೇಲೆ ತುಂಬ ದುಃಖವಾಯಿತು. ಅದರ ಜೊತೆಗೆ, ಸುದ್ದಿಯನ್ನು ಅವರು ಕಲಿಸಿದ ರೀತಿಯಲ್ಲೇ ಖಚಿತ ಮಾಡಿಕೊಂಡೆನಲ್ಲ ಎಂಬ ಒಂದು ಸಣ್ಣ ಸಮಾಧಾನವೂ ಇತ್ತು.

ಅವರ ಹೆಸರು ಇಲ್ಲಿ ಬೇಡ. ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ಇಟ್ಟವರೆಲ್ಲ ಈ ಊರಿನವರಿಗೆ 'ಅಣ್ಣಾ'. ಇವರೂ ಅಣ್ಣಾ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಇಲ್ಲಿನ ಕನ್ನಡ ಶಾಲೆಗೆ ಮೇಷ್ಟ್ರಾಗಿ ಬಂದಾಗ ಬಿಬವೇವಾಡಿ ಅರ್ಧ ಹೊಲ, ಅರ್ಧ ಊರು. ಎಲ್ಲಿ ನೋಡಿದರೂ ಅಡಿಪಾಯ ತೋಡುತ್ತಿದ್ದರು. ಆ ಧೂಳಿನ ನಡುವೆ ಅಣ್ಣಾನ ಹೋಟೆಲು. ನಾಲ್ಕಾರು ಮೇಜು, ಒಂದು ಗಲ್ಲಾ, ಗಲ್ಲಾದ ಮೇಲೆ ಒಂದು ರೇಡಿಯೋ, ಅದರ ಮೇಲೆ ಒಂದು ಗಣಪತಿ. ಬ್ರಹ್ಮಚಾರಿಯಾಗಿದ್ದ ನನಗೆ ಎರಡು ಹೊತ್ತಿನ ಊಟ ಅಲ್ಲೇ. ಊಟದ ಜೊತೆಗೆ ಉಪದೇಶ ಉಚಿತ.

ಅಣ್ಣಾ ಕುಳ್ಳಗೆ, ದುಂಡಗೆ ಇದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎದುರಿಗಿದ್ದವರನ್ನು ಅದರ ಮೇಲಿನಿಂದ ನೋಡುತ್ತಿದ್ದರು. ನೀವು ಯಾವ ಸುದ್ದಿ ಹೇಳಿದರೂ ಅವರದು ಒಂದೇ ಪ್ರಶ್ನೆ: "ಯಾರು ಹೇಳಿದ್ದು ಮಾರಾಯ್ರೆ?" ಗೋಧಿಯ ರೇಟು ಏರಿತು ಎನ್ನಿ, ಯಾರು ಹೇಳಿದ್ದು. ನಾಳೆ ಶಾಲೆಗೆ ರಜೆ ಎನ್ನಿ, ಯಾರು ಹೇಳಿದ್ದು. ನನಗೆ ಹುಬ್ಬಳ್ಳಿಯಲ್ಲಿ ಹೆಣ್ಣು ಗೊತ್ತಾಯಿತು ಎಂದು ನಾಚಿಕೊಂಡು ಹೇಳಿದಾಗಲೂ ಅದೇ. ನಮ್ಮ ತಂದೆ ಬರೆದಿದ್ದಾರೆ ಎಂದೆ. "ಹುಡುಗಿ ಒಪ್ಪಿದ್ದಾಳೆ ಅಂತ ಹುಡುಗಿ ಹೇಳಿದ್ದಾ, ನಿಮ್ಮ ತಂದೆ ಹೇಳಿದ್ದಾ?" ಎಂದು ಕೇಳಿದರು. ಮುಂದಿನ ರಜೆಯಲ್ಲಿ ಹೋಗಿ ಹುಡುಗಿಯನ್ನೇ ಕೇಳಿ ಬಂದೆ. ಈಗಲೂ ನನ್ನ ಹೆಂಡತಿ ಅದಕ್ಕಾಗಿ ಅಣ್ಣಾನನ್ನು ನೆನೆಯುತ್ತಾಳೆ.

ಅವರ ಕನ್ನಡ ಪೇಪರ್ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ ಬಿಟ್ಟು, ಪುಣೆಯ ದಕ್ಷಿಣ ಅಂಚಿನ ಕಾತ್ರಜಕ್ಕೆ ಬಂದು ಇಳಿಯುತ್ತಿತ್ತು. ಡ್ರೈವರ್ ಅದನ್ನು ಅಲ್ಲಿನ ಸುಂಕದ ನಾಕೆಯ ಪಾನ್ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದ. ಅಣ್ಣಾ ಮಧ್ಯಾಹ್ನ ಸೈಕಲ್ ಏರಿ ಹೋಗಿ ತರುತ್ತಿದ್ದರು. ಹಾಗಾಗಿ ನಮ್ಮ ಹೋಟೆಲಿನಲ್ಲಿ ಲೋಕ ಯಾವಾಗಲೂ ಒಂದು ದಿನ ಹಿಂದೆ ಇರುತ್ತಿತ್ತು. ನಾನು ಕೆಣಕಿದರೆ ಅವರದು ಸಿದ್ಧ ಉತ್ತರ.

"ಇರ್ಲಿ ಮಾಸ್ಟ್ರೇ. ಸುದ್ದಿ ಒಂದು ದಿನ ಕೂತ್ರೆ ಒಳ್ಳೇದು. ಇಡ್ಲಿ ಹಿಟ್ಟಿಗೆ ಸಹ ಒಂದು ರಾತ್ರಿ ಬೇಕು."

ಸಂಜೆ ಕೆಲಸ ಬಿಟ್ಟು ಕಲಬುರ್ಗಿ, ಯಾದಗಿರಿ ಕಡೆಯ ಕೂಲಿಕಾರರು ಬರುತ್ತಿದ್ದರು. ಕೈಕಾಲಿಗೆ ಮೆತ್ತಿದ ಸಿಮೆಂಟು ತೊಳೆದುಕೊಂಡು, ಚಹಾ ಹಿಡಿದು, ಬೆಂಚಿನ ಮೇಲೆ, ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆಗ ಅಣ್ಣಾ ಓದುತ್ತಿದ್ದರು. ಮೊದಲು ಬೆಳಗಿನ ಮರಾಠಿ ಪೇಪರ್, ಅದನ್ನು ಓದುತ್ತಲೇ ಕನ್ನಡಕ್ಕೆ ತಿರುಗಿಸಿ. ಆಮೇಲೆ ನಿನ್ನೆಯ ಕನ್ನಡ ಪೇಪರ್. ಅವರ ಓದಿನ ವೈಖರಿ ಬೇರೆ ಎಲ್ಲೂ ನಾನು ಕಂಡಿಲ್ಲ. ಸುದ್ದಿಯ ತಲೆಬರಹ ಓದುತ್ತಿರಲಿಲ್ಲ. ಮೊದಲು ಅದನ್ನು ಯಾರು ಹೇಳಿದ್ದು ಎಂದು ಹುಡುಕಿ ಹೇಳಬೇಕು, ಆಮೇಲೆ ಸುದ್ದಿ.

"ಹೇಳಿದ್ದು ಮಂತ್ರಿ. ಕೇಳಿ. ಮುಂದಿನ ವರ್ಷದೊಳಗೆ ಎಲ್ಲ ಹಳ್ಳಿಗೂ ಕುಡಿಯುವ ನೀರು."

"ಯಾವ ಮುಂದಿನ ವರ್ಷರಿ ಅಣ್ಣಾರ?" ಎಂದು ಶರಣಪ್ಪ ಕೇಳುತ್ತಿದ್ದ. ಈ ಶರಣಪ್ಪ ಯಾದಗಿರಿ ಕಡೆಯವನು, ಗಾರೆ ಕೆಲಸದವನು, ಆ ಗುಂಪಿನಲ್ಲೆಲ್ಲ ಬಾಯಿ ಜೋರು.

"ಅದನ್ನು ಹೇಳ್ಲಿಲ್ಲ."

"ಹೋದ ವರ್ಷನೂ ಮುಂದಿನ ವರ್ಷ ಅಂದಿದ್ರಲ್ರಿ."

"ಅಂದ್ರೆ ಮಾತು ಬದಲಾಯಿಸ್ಲಿಲ್ಲ ಅಂತ ಆಯ್ತು. ಮುಂದಿನದ್ದು. ಹೇಳಿದ್ದು ಬಲ್ಲ ಮೂಲಗಳು." ಇಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ಈ ಬಲ್ಲವನಿಗೆ ಒಂದು ಹೆಸರಿಲ್ವಾ? ಇಲ್ಲ ಅಂದ್ರೆ ಬಿಡಿ, ಮುಂದೆ ಹೋಗುವ." ಬಲ್ಲ ಮೂಲಗಳ ಸುದ್ದಿ ನಮ್ಮ ಹೋಟೆಲಿನಲ್ಲಿ ಯಾರೂ ಪೂರ್ತಿ ಕೇಳಿದ್ದಿಲ್ಲ.

ಸರ್ಕಾರ ಸುಳ್ಳು ಹೇಳುತ್ತದೆ ಎಂದು ಅವರು ಎಂದೂ ಹೇಳಲಿಲ್ಲ. ಅಷ್ಟು ಒರಟಾದ ಮಾತು ಅವರದಲ್ಲ. ಯಾಕೆ ಹೇಳುತ್ತಿದೆ ಎಂದು ಕೇಳಬೇಕು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ನಾನು ಊಟ ಮಾಡುತ್ತಿದ್ದಾಗ, ಸಕ್ಕರೆಯ ದಾಸ್ತಾನು ಸಾಕಷ್ಟಿದೆ, ಜನ ಗಾಬರಿಯಾಗುವ ಅಗತ್ಯವಿಲ್ಲ ಎಂದು ರೇಡಿಯೋ ಹೇಳಿತು. ಅಣ್ಣಾ ಗಲ್ಲಾ ಬಿಟ್ಟು ಎದ್ದರು. ಅಡುಗೆಯವನನ್ನು ಕರೆದು, "ಚೀಲ ತಕೊಂಡು ಓಡು" ಎಂದರು. ಅವತ್ತು ಸಂಜೆಯೊಳಗೆ ಮಾರ್ಕೆಟ್ಟಿನಲ್ಲಿ ಸಕ್ಕರೆ ಸಿಗದಾಯಿತು. ವಾರವಿಡೀ ನಮ್ಮ ಚಹಾ ಮಾತ್ರ ಸಿಹಿಯಾಗಿತ್ತು. "ಸರ್ಕಾರ ಎಷ್ಟು ಒಳ್ಳೇದು ನೋಡಿ, ಮೊದಲೇ ತಿಳಿಸ್ತದೆ" ಎಂದು ಅವರು ಕೃತಜ್ಞತೆಯಿಂದಲೇ ಹೇಳಿದರು.

ತುರ್ತುಪರಿಸ್ಥಿತಿಯ ಮೊದಲ ದಿನಗಳಲ್ಲಿ ಒಂದು ಪೇಪರಿನಲ್ಲಿ ಒಂದು ಅಂಕಣ ಖಾಲಿ ಬಂದಿತ್ತು. ಅಣ್ಣಾ ಅದನ್ನೂ ಓದಿದರು. ಅಂದರೆ, ಆ ಖಾಲಿ ಜಾಗ ಬಂದಾಗ ಬಾಯಿ ಮುಚ್ಚಿಕೊಂಡು, ಕಣ್ಣನ್ನು ಮಾತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿದರು. ಮೂಲೆಯಲ್ಲಿ ವಡೆ ತಿನ್ನುತ್ತಿದ್ದ ಪೊಲೀಸಪ್ಪನಿಗೆ ಅನುಮಾನ ಬಂತು. "ಕಾಯ್ ವಾಚತೋಯಸ್ ಅಣ್ಣಾ?" ಎಂದ, ಏನು ಓದುತ್ತಿದ್ದೀಯ ಎಂದು. ಅಣ್ಣಾ ಪೇಪರನ್ನು ಅವನತ್ತ ತಿರುಗಿಸಿ ತೋರಿಸಿ, ಅಚ್ಚಾದದ್ದನ್ನು ಅಷ್ಟೇ ಓದುತ್ತಿದ್ದೇನೆ ಸಾಹೇಬರೇ ಎಂದು ಮರಾಠಿಯಲ್ಲಿ ಹೇಳಿದರು. ಅವನು ಆ ಬಿಳಿ ಜಾಗವನ್ನು ಬಹಳ ಹೊತ್ತು ನೋಡಿ ಇನ್ನೊಂದು ವಡೆ ತರಿಸಿಕೊಂಡ.

ಇಷ್ಟೆಲ್ಲ ಅನುಮಾನದ ಮನುಷ್ಯ ಒಂದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದರು. ಅದು ವಾರಭವಿಷ್ಯ. ದಕ್ಷಿಣ ದಿಕ್ಕಿನ ಪ್ರಯಾಣ ಬೇಡ ಎಂದು ಬಂದಿದ್ದರೆ ಅಂದು ಕಾತ್ರಜಕ್ಕೆ ಸೈಕಲ್ ಹೊರಡುತ್ತಿರಲಿಲ್ಲ, ಪೇಪರ್ ತರಲು ಅಡುಗೆಯವನೇ ಹೋಗಬೇಕಿತ್ತು. ಇದನ್ನು ಯಾರು ಹೇಳಿದ್ದು ಎಂದು ಯಾಕೆ ಕೇಳುವುದಿಲ್ಲ ಎಂದು ನಾನು ಚುಚ್ಚಿದೆ. "ನನ್ನ ಪ್ರಯಾಣ ತಪ್ಪಿಸಿ ಅವನಿಗೆ ಎಂತ ಲಾಭ ಮಾಸ್ಟ್ರೇ? ಲಾಭ ಇಲ್ಲದವ ಸುಳ್ಳು ಹೇಳೂದಿಲ್ಲ" ಎಂದರು.

ಅವರನ್ನು ಒಂದು ಸಲ ಸರಿಯಾಗಿ ಸಿಕ್ಕಿಹಾಕಿಸಿದವನು ಶರಣಪ್ಪ. ಹೋಟೆಲಿನ ಬಾಗಿಲಲ್ಲಿ 'ತಾಜಾ ಇಡ್ಲಿ' ಎಂದು ಒಂದು ಬೋರ್ಡು ತೂಗುತ್ತಿತ್ತು. ಅದು ಸಂಜೆಯೂ ಹಾಗೇ ತೂಗುತ್ತಿತ್ತು. ಶರಣಪ್ಪ ಅದರ ಮೇಲೆ ಏನು ಬರೆದಿದೆ ಎಂದು ನನ್ನನ್ನು ಕೇಳಿ ತಿಳಿದುಕೊಂಡು, ಒಳಗೆ ಬಂದು, ಬಹಳ ವಿನಯದಿಂದ, "ಅಣ್ಣಾರ, ಇಡ್ಲಿ ತಾಜಾ ಅದ ಅಂತ ಯಾರ್ ಹೇಳ್ಯಾರ್ರಿ?" ಎಂದ. ಹೋಟೆಲೆಲ್ಲ ಗೊಳ್ಳೆಂದಿತು. ಅಣ್ಣಾ ನಗಲಿಲ್ಲ. ಮರುದಿನ ಬೋರ್ಡಿನಲ್ಲಿ 'ಇಡ್ಲಿ, ಬೆಳಿಗ್ಗೆ ಮಾಡಿದ್ದು' ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆಸಿದ್ದರು. ಸಂಜೆಯ ಗಿರಾಕಿ ಕಡಿಮೆಯಾದರು. ಅವರ ಹೆಂಡತಿ ಊರಿನಿಂದ ಬಂದಾಗ ಆ ಬೋರ್ಡು ನೋಡಿ ಎರಡು ದಿನ ಮಾತಾಡಲಿಲ್ಲ. ಆದರೆ ಬೋರ್ಡು ಹಾಗೇ ಉಳಿಯಿತು.

ಎಂಬತ್ತರ ನಂತರದ ಒಂದು ಮಳೆಗಾಲದಲ್ಲಿ ಆ ಸಂಗತಿ ನಡೆಯಿತು. ಕಾತ್ರಜದಾಚೆ ನೀರಿನ ಪೈಪಿಗಾಗಿ ಆಳವಾಗಿ ನೆಲ ತೋಡಿದ್ದರು. ಹಿಂದಿನ ದಿನ ಅದರ ಮಣ್ಣು ಕುಸಿದು ಇಬ್ಬರು ಕೂಲಿಕಾರರು ಸತ್ತಿದ್ದರು. ಬೆಳಗಿನ ಮರಾಠಿ ಪೇಪರಿನಲ್ಲಿ ಅದು ಬಂದಿತ್ತು. ಸಂಜೆ ಅಣ್ಣಾ ಎಂದಿನಂತೆ ಶುರು ಮಾಡಿದರು.

"ಹೇಳಿದ್ದು ಪೊಲೀಸರು. ಪೊಲೀಸರಿಗೆ ಹೇಳಿದ್ದು ಗುತ್ತೇದಾರ." ಹೀಗೆ ಹೇಳಿ ಸುದ್ದಿ ಓದಿದರು. ಸತ್ತವರಲ್ಲಿ ಒಬ್ಬ ಸೋಲಾಪುರದ ಕಡೆಯವನು. ಎರಡನೆಯ ಹೆಸರಿಗೆ ಬಂದು ತಡೆದರು. ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿದರು. "ಶರಣಪ್ಪ. ತಂದೆ ಬಸಣ್ಣ. ಊರು ಕರೆಕಲ್ಲು."

ಶರಣಪ್ಪ ಎದುರಿನ ಬೆಂಚಿನ ಮೇಲೆ ಇಡ್ಲಿ ತಿನ್ನುತ್ತ ಕೂತಿದ್ದ. ಅವನ ತಂದೆ ಬಸಣ್ಣ, ಅವನ ಊರು ಕರೆಕಲ್ಲು.

"ಅಣ್ಣಾರ, ಅದು ನಾನss ಅಲ್ರಿ" ಎಂದ.

ನಕ್ಕಿದ್ದೇ ನಕ್ಕಿದ್ದು. ಪಕ್ಕದವನು ಅವನ ಮುಂದಿನ ತಟ್ಟೆ ಎಳೆದುಕೊಂಡು, "ಸತ್ತಾವಗ ಸಾಂಬಾರ್ ಯಾತಕ್ಕಲೇ?" ಎಂದ. ಇನ್ನೊಬ್ಬ ಅವನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಪರೀಕ್ಷೆ ಮಾಡಿದ. ಅಣ್ಣಾನ ಸಂತೋಷ ನೋಡಬೇಕಿತ್ತು. ಪೇಪರನ್ನು ನನ್ನತ್ತ ಅಲ್ಲಾಡಿಸುತ್ತ, "ನೋಡಿ ಮಾಸ್ಟ್ರೇ. ಹತ್ತು ವರ್ಷದಿಂದ ನಾನು ಹೇಳಿದ್ದು ಇದನ್ನೇ. ಪೊಲೀಸರು ಹೇಳಿದ್ರು, ಪೇಪರಿನವ ಬರೆದ. ಸತ್ತವ ಇಲ್ಲಿ ನನ್ನ ಇಡ್ಲಿ ತಿಂತಾ ಇದ್ದಾನೆ" ಎಂದರು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಶರಣಪ್ಪನೂ ನಗುತ್ತಿದ್ದ. ನಗುತ್ತಿದ್ದವನು ತಟ್ಟೆಯ ಕಡೆ ಚಾಚಿದ ಕೈಯನ್ನು ಹಾಗೇ ಹಿಡಿದು ನಿಲ್ಲಿಸಿದ.

"ಸಾಬಣ್ಣ" ಎಂದ.

ಸಾಬಣ್ಣ ಅವನ ಹೆಂಡತಿ ದೇವಮ್ಮನ ತಮ್ಮ. ಇತ್ತೀಚೆಗೆ ಊರಿನಿಂದ ಬಂದವನು. ಈ ಕೂಲಿಕಾರರಲ್ಲಿ ಒಂದು ರೂಢಿಯಿತ್ತು. ಕೂಲಿಕಾರರ ಮೇಸ್ತ್ರಿಯಾದ ಮುಕಾದಮ ಬೆಳಿಗ್ಗೆ ಹೆಸರು ಕೂಗುತ್ತಾನೆ, ಆ ಹೆಸರಿಗೆ ಯಾರು 'ಹಾಜರ್' ಎನ್ನುತ್ತಾರೋ ಅವನಿಗೆ ಅಂದಿನ ಕೆಲಸ. ಒಬ್ಬ ಬೇರೆ ಕಡೆ ಹೋಗುವುದಾದರೆ ಜಾಗ ಕಳೆದುಕೊಳ್ಳುವುದಿಲ್ಲ. ತನ್ನ ಹೆಸರನ್ನು ತಮ್ಮನಿಗೋ ಭಾವನಿಗೋ ಬಿಟ್ಟು ಹೋಗುತ್ತಾನೆ. ಮುಕಾದಮನಿಗೂ ಇದು ಗೊತ್ತು. ಹೊಸ ಹೆಸರು ಬರೆಸುವ ತಾಪತ್ರಯ ಅವನಿಗೂ ಬೇಡ. ಶರಣಪ್ಪ ತಿಂಗಳ ಹಿಂದೆ ಕಾತ್ರಜದ ಕೆಲಸ ಬಿಟ್ಟು ಬಿಬವೇವಾಡಿಯ ಕಟ್ಟಡಕ್ಕೆ ಬಂದಿದ್ದ. ಅಲ್ಲಿ ಅವನ ಹೆಸರಿಗೆ ಹಾಜರ್ ಎನ್ನುತ್ತಿದ್ದವನು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದವನು ಸಾಬಣ್ಣ.

ಪೇಪರ್ ಹೇಳಿದ್ದು ನಿಜವಾಗಿತ್ತು. ಹೆಸರು ಮಾತ್ರ ತಪ್ಪಿತ್ತು. ಅಣ್ಣಾ ಪೇಪರನ್ನು ಮಡಿಸಿ ಗಲ್ಲಾದ ಮೇಲಿಟ್ಟರು. ಆಗಿನ ಅವರ ಮುಖ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಒಂದು ಸಾವಿನ ಸುದ್ದಿಗೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು, ಎಲ್ಲರಿಗಿಂತ ಜೋರಾಗಿ ನಕ್ಕವರು ಅವರು.

ದೇವಮ್ಮನಿಗೆ ಹೇಳಲು ಅಣ್ಣಾನೇ ಶರಣಪ್ಪನ ಜೊತೆ ಹೋದರು, ನಾನೂ ಹೋದೆ. ನಾವು ಹೋಗುವ ಹೊತ್ತಿಗೆ ಮುಕಾದಮ ಅಲ್ಲಿಗೆ ಬಂದಾಗಿತ್ತು. ಆಗಿದ್ದು ಆಯಿತು, ಗದ್ದಲ ಮಾಡಬೇಡಿ ಎಂದು ಅವನು ಸಮಾಧಾನದ ಮಾತಾಡುತ್ತಿದ್ದ. ಶರಣಪ್ಪ ಸತ್ತ ಎಂದು ಎಲ್ಲ ಕಡೆ ಬರೆದಾಗಿದೆ, ಹಾಗೇ ಇರಲಿ. ಇನ್ನು ಮೇಲೆ ನೀನು ಸಾಬಣ್ಣ ಅಂತ ಕೆಲಸಕ್ಕೆ ಬಾ, ಹೆಸರಿನಲ್ಲಿ ಏನಿದೆ ಎಂದ. ಅವನ ದೃಷ್ಟಿಯಲ್ಲಿ ಅದು ಉಪಕಾರವೇ.

ದೇವಮ್ಮ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು. "ಪೇಪರಿನ್ಯಾಗ ನನ್ನ ಗಂಡ ಸತ್ತಾನ, ತಮ್ಮ ಬದುಕ್ಯಾನ. ಹಂಗಾದ್ರ ನಾ ಬಳಿ ಒಡಕೋಬೇಕೋ ಬ್ಯಾಡೋ, ಅದನ್ನೂ ನೀವss ಹೇಳ್ರಿ. ನನ್ನ ತಮ್ಮಗ ನನ್ನ ಗಂಡನ ಹೆಸರಲೆ ಮಣ್ಣ ಕೊಡಂಗಿಲ್ಲ ನಾ."

ಮುಕಾದಮ ಎದ್ದು ಹೋದ. ಹೋಗುವಾಗ ಅಣ್ಣಾನ ಕಡೆ ನೋಡಿ, ನಿಮಗೆ ಇದರಲ್ಲಿ ಏನು ಕೆಲಸ ಎಂದು ಕೇಳಿದ. ಶರಣಪ್ಪ ಈಗ ದುಡಿಯುತ್ತಿದ್ದ ಕಟ್ಟಡವೂ ಸೇರಿ ಅವನ ಎಲ್ಲ ಸೈಟುಗಳಿಗೂ ಚಹಾ ಹೋಗುತ್ತಿದ್ದುದು ಅಣ್ಣಾನ ಹೋಟೆಲಿನಿಂದ.

ಮರುದಿನ ಬೆಳಿಗ್ಗೆ ನಾವು ಮೂವರು ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ಅಣ್ಣಾ ಮೊದಲು ಒಳಗೆ ಹೋಗಿ ನೋಡಿಕೊಂಡು ಬಂದರು. ಸಾಬಣ್ಣನನ್ನು ಅವರು ಬಲ್ಲರು. ಭಾವನ ಜೊತೆ ಒಂದೆರಡು ಸಲ ಹೋಟೆಲಿಗೆ ಬಂದು, ಉಪ್ಪಿಟ್ಟಿಗೆ ಖಾರ ಸಾಲದು ಎಂದು ಹೇಳಿ ಹೋಗಿದ್ದ ಹುಡುಗ. ಹೊರಗೆ ಬಂದವರು ಶರಣಪ್ಪನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಹವಾಲ್ದಾರರ ಮೇಜಿಗೆ ಹೋದೆವು.

ಹವಾಲ್ದಾರರು ಒಳ್ಳೆಯವರೇ. ಆದರೆ ಅವರ ಮುಂದೆ ಬರೆದಿಟ್ಟ ಕಾಗದವಿತ್ತು, ಅದರ ಪಕ್ಕದಲ್ಲಿ ಪೇಪರೂ ಇತ್ತು. ಎರಡೂ ಒಂದೇ ಮಾತು ಹೇಳುತ್ತಿದ್ದವು. "ಶರಣಪ್ಪಾ ತರ್ ಮೇಲಾ" ಎಂದರು, ಶರಣಪ್ಪ ಸತ್ತಿದ್ದಾನಲ್ಲ ಎಂದು. ಶರಣಪ್ಪ ಮುಂದೆ ಬಂದು ಕೈ ಮುಗಿದು, ನಾನೇ ಶರಣಪ್ಪ ಸಾಹೇಬರೇ ಎಂದ. ಹವಾಲ್ದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಾಗದ ನೋಡಿದರು. ಮತ್ತೆ ಅವನನ್ನು ನೋಡಿದರು.

"ಕೋಣ್ ಮ್ಹಣತಂ?" ಎಂದು ಕೇಳಿದರು.

ಯಾರು ಹೇಳಿದ್ದು ಎಂದು. ನನಗೆ ಆ ದುಃಖದಲ್ಲೂ ಅಣ್ಣಾನ ಕಡೆ ನೋಡದೆ ಇರಲು ಆಗಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಈ ಪ್ರಶ್ನೆ ಕೇಳಿದ ಮನುಷ್ಯ, ತಾನೇ ಒಂದು ಮಾತು ಇದು ಹೀಗೆ ಎಂದು ಎದೆ ತಟ್ಟಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಳೆ ಬರುತ್ತಿರುವಾಗಲೂ "ಬಂದ ಹಾಗೆ ಕಾಣ್ತದೆ" ಎನ್ನುತ್ತಿದ್ದವರು. ಈಗ ಅವರ ಹಣೆಯಲ್ಲಿ ಬೆವರಿತ್ತು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಮೀ ಮ್ಹಣತೋ" ಎಂದರು. ನಾನು ಹೇಳುತ್ತೇನೆ.

ಆಮೇಲೆ ತಡೆಯಲಿಲ್ಲ. ಇವನು ಶರಣಪ್ಪ, ಹತ್ತು ವರ್ಷದಿಂದ ನನ್ನ ಹೋಟೆಲಿನಲ್ಲಿ ತಿನ್ನುತ್ತಾನೆ. ಒಳಗಿರುವವನು ಸಾಬಣ್ಣ, ತಂದೆ ಹಣಮಂತ, ಊರು ನೀಲಹಾಳ. ನಾನು ನನ್ನ ಕಣ್ಣಿಂದ ನೋಡಿದ್ದೇನೆ, ಬರೆದುಕೊಳ್ಳಿ, ನನ್ನ ಹೆಸರನ್ನೂ ಬರೆದುಕೊಳ್ಳಿ. ಅವರ ಮರಾಠಿಯಲ್ಲಿ ಆ ದಿನ ವ್ಯಾಕರಣ ಇರಲಿಲ್ಲ. ಹವಾಲ್ದಾರರು ಸುಮ್ಮನೆ ಬರೆದುಕೊಂಡರು. ಅಣ್ಣಾ ಸಹಿ ಹಾಕಿದರು, ನಾನೂ ಹಾಕಿದೆ. ಸಂಜೆಯೊಳಗೆ ಸಾಬಣ್ಣನನ್ನು ಕೊಟ್ಟರು. ದೇವಮ್ಮ ತಮ್ಮನನ್ನು ತಮ್ಮನೆಂದೇ ಅತ್ತು ಮಣ್ಣು ಮಾಡಿದಳು.

ಮುಕಾದಮನ ಸೈಟುಗಳಿಗೆ ಹೋಗುತ್ತಿದ್ದ ಚಹಾ ಆ ವಾರವೇ ನಿಂತಿತು. ಶರಣಪ್ಪನ ಕೆಲಸವೂ ಹೋಯಿತು. ಅಣ್ಣಾ ಅವನನ್ನು ಹಿಟ್ಟು ರುಬ್ಬಲು ಇಟ್ಟುಕೊಂಡರು. ಗಾರೆ ಕಲಸಿದ ಕೈ. ಆ ತಿಂಗಳುಗಳಲ್ಲಿ ನಾವು ತಿಂದ ಇಡ್ಲಿಯಿಂದ ಗೋಡೆ ಕಟ್ಟಬಹುದಿತ್ತು. ಅಣ್ಣಾ ಅದನ್ನು ಒಪ್ಪಲೇ ಇಲ್ಲ. "ಗಟ್ಟಿ ಅಂತ ಯಾರು ಹೇಳಿದ್ದು?" ಎಂದು ಅಡುಗೆಯವನ ಮೇಲೆಯೇ ರೇಗಿದರು.

ಅವರಿಗೆ ಉಳಿದದ್ದು ಪೇಪರಿನ ವಿಷಯ. ತಪ್ಪು ಅಚ್ಚಾದದ್ದು ತಿದ್ದಬೇಕು ಎಂದು ಅವರಿಗೆ ಹಠ ಹಿಡಿಯಿತು. ಆ ವಾರ ದಿನವೂ ಗಲ್ಲಾ ಬಿಟ್ಟು ಪೇಪರಿನ ಆಫೀಸಿಗೆ ಹೋದರು. ಅಧಿಕೃತವಾಗಿ ಬರಬೇಕು ಎಂದು ಅಲ್ಲಿ ಹೇಳಿದರು. ಅಧಿಕೃತ ಎಂದರೆ ಪೊಲೀಸರು ಹೇಳಬೇಕು. ಪೊಲೀಸರ ಹತ್ತಿರ ಹೋದರೆ, ನಾವು ತಿದ್ದಿಕೊಂಡಿದ್ದೇವೆ, ಪೇಪರಿನವರು ಬಂದು ಕೇಳಿದರೆ ಹೇಳುತ್ತೇವೆ ಎಂದರು. ಅಣ್ಣಾ ಎರಡರ ನಡುವೆ ಓಡಾಡಿ, ಸತ್ತವನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಹೇಳಿ ಬರೆಸಿ ಬಂದರು. ಬದುಕಿದ್ದವನು ಬದುಕಿದ್ದಾನೆ ಎಂದು ಬಂದರೆ ಸಾಲದು, ಸತ್ತವನು ಯಾರು ಎಂದು ಬರಬೇಕು ಎಂದು ಕೈಮುಗಿದು ಹೇಳಿದರಂತೆ.

ತಿದ್ದುಪಡಿ ಬಂತು. ಒಳಪುಟದಲ್ಲಿ, ಜಾಹೀರಾತಿನ ಕೆಳಗೆ, ಕೆಲವೇ ಸಾಲು. ಮಣ್ಣು ಕುಸಿತದಲ್ಲಿ ಮೃತಪಟ್ಟನೆಂದು ಪ್ರಕಟವಾಗಿದ್ದ ಶರಣಪ್ಪ ಜೀವಂತವಾಗಿದ್ದಾನೆ, ಮೃತನು ಬೇರೊಬ್ಬ ಕೂಲಿಕಾರ, ತಪ್ಪಿಗೆ ವಿಷಾದಿಸುತ್ತೇವೆ. ಅಷ್ಟೇ. ಅಣ್ಣಾ ಅದನ್ನು ನನಗೆ ತೋರಿಸಿದರು. ಆ ಸಂಜೆ ಪೇಪರ್ ಓದಲೂ ಇಲ್ಲ. ಹಾಳೆಯನ್ನು ಗಲ್ಲಾದೊಳಗೆ ಹಾಕಿದರು.

ಕೆಲವು ದಿನಗಳಾದ ಮೇಲೆ ಸಾಬಣ್ಣನ ತಾಯಿ ಬಂದಳು. ಸೊಸೆಯಿಲ್ಲ, ಬೇರೆ ಗಂಡುಮಗನಿಲ್ಲ. ಊರಿನ ಯಾರದೋ ಜೊತೆಯಲ್ಲಿ ಬಸ್ಸು ಹಿಡಿದು ಬಂದು ಕಾತ್ರಜದಲ್ಲಿ ಇಳಿದಿದ್ದಳು. ಶರಣಪ್ಪ ಅವಳನ್ನು ನೇರವಾಗಿ ಹೋಟೆಲಿಗೆ ಕರೆತಂದ. ಸಂಜೆ, ಎಲ್ಲರೂ ಕೂತ ಹೊತ್ತು. ನಾನು ಗಲ್ಲಾದ ಪಕ್ಕದಲ್ಲಿದ್ದೆ. ಅವಳು ಬೆಂಚಿನ ಮೇಲೆ ಕೂರಲಿಲ್ಲ. ಅಣ್ಣಾನ ಮುಂದೆ ನೆಲದ ಮೇಲೆ ಕೂತಳು. ಅವಳ ಕಣ್ಣು ಒಣಗಿದ್ದವು.

"ಯಪ್ಪಾ, ಮಗಳು ನೋಡಿದ್ರ ತಮ್ಮ ಸತ್ತಾನ ಅಂತಾಳ" ಎಂದಳು. "ನಾ ಮಣ್ಣಿಗೆ ಬರಲಿಲ್ಲ, ಮಾರಿ ನೋಡಲಿಲ್ಲ. ಊರಾಗ ಓದಿದ ಮಂದಿ ಬ್ಯಾರೆ ಹೇಳ್ತಾರ. ಪೇಪರಿನ್ಯಾಗ ಶರಣಪ್ಪನ ಹೆಸರು ಬಂದದ, ನಿನ್ನ ಮಗನ ಹೆಸರು ಎಲ್ಲೂ ಇಲ್ಲ, ಎಲ್ಯೋ ಮುಂಬೈಕ ಓಡಿ ಹೋಗ್ಯಾನ, ಅಳಬ್ಯಾಡ ಅಂತಾರ. ಸರಕಾರದವರು ಸುಮ್ಸುಮ್ನ ಬರೀತಾರೇನು ಅಂತಾರ. ನಾ ಅಳಲೋ ಬ್ಯಾಡೋ ತಿಳೀವಲ್ದು. ನೀ ಭಾಳ ಓದಾಂವ ಅಂತ. ಪೇಪರಿನ್ಯಾಗ ಏನದ ಅದನ್ನ ಓದಿ ಹೇಳಪ್ಪ."

ಶರಣಪ್ಪ ಏನೋ ಹೇಳಲು ಹೋದ. ಅವಳು ಕೈಯೆತ್ತಿ ತಡೆದಳು. ಅವಳಿಗೆ ಬೇಕಾಗಿದ್ದು ಅವನ ಮಾತಲ್ಲ.

ಅಣ್ಣಾ ಗಲ್ಲಾ ತೆರೆದು ಆ ಹಾಳೆ ತೆಗೆದರು. ಕೆಳಗಿಳಿದು ಅವಳ ಎದುರಿಗೆ ನೆಲದ ಮೇಲೇ ಕೂತರು. ಅವರು ನೆಲದ ಮೇಲೆ ಕೂತು ಓದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಳೆ ಹರಡಿ, ಸಾಲಿನ ಮೇಲೆ ಬೆರಳಿಟ್ಟು, ಮರಾಠಿಯನ್ನು ಕನ್ನಡ ಮಾಡುತ್ತ ಓದತೊಡಗಿದರು. ಅಲ್ಲಿ ಮರಾಠಿ ಓದಲು ಬರುತ್ತಿದ್ದುದು ಅವರನ್ನು ಬಿಟ್ಟರೆ ನನಗೊಬ್ಬನಿಗೆ. ನಾನು ಬಗ್ಗಿ ನೋಡುತ್ತಿದ್ದೆ.

"ಹಿಂದೆ ಹೇಳಿದ್ದು ತಪ್ಪು ಅಂತ ಬರೆದಿದ್ದಾರೆ ಅಮ್ಮಾ. ಶರಣಪ್ಪ ಜೀವಂತ ಇದ್ದಾನೆ." ಬೆರಳು ಮುಂದೆ ಸರಿಯಿತು. ಬೇರೊಬ್ಬ ಕೂಲಿಕಾರ ಎಂಬಲ್ಲಿಗೆ ಬಂದು ನಿಂತಿತು. ಅಣ್ಣಾ ಒಮ್ಮೆ ತಲೆ ಎತ್ತಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ತುಟಿ ಬಿಚ್ಚಲಿಲ್ಲ.

"ತೀರಿಕೊಂಡವನು ಸಾಬಣ್ಣ" ಎಂದು ಓದಿದರು. "ತಂದೆ ಹಣಮಂತ. ಊರು ನೀಲಹಾಳ. ಒಳ್ಳೆ ಕೆಲಸಗಾರ."

"ಮತ್ತೊಮ್ಮೆ ಓದಪ್ಪ."

ಅದೇ ಮಾತುಗಳನ್ನು, ಅದೇ ದನಿಯಲ್ಲಿ, ಒಂದೂ ಹೆಚ್ಚುಕಡಿಮೆ ಇಲ್ಲದಂತೆ ಮತ್ತೊಮ್ಮೆ ಓದಿದರು.

"ಅವನ ಹೆಸರು ಎಲ್ಲದ?"

ಅಣ್ಣಾ ಅವಳ ಬೆರಳು ಹಿಡಿದು ಆ ಜಾಗದ ಮೇಲೆ ಇರಿಸಿದರು. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟ ಸಣ್ಣದೇನು ನನ್ನ ಮಗನ ಹೆಸರು?"

"ಪೇಪರಿನಲ್ಲಿ ಎಲ್ಲರದ್ದೂ ಇಷ್ಟೇ ಇರ್ತದೆ ಅಮ್ಮಾ" ಎಂದರು ಅಣ್ಣಾ.

ಅವಳು ತಲೆದೂಗಿದಳು. ಆ ಎರಡು ಪದಗಳ ಮೇಲೆ ಹೆಬ್ಬೆರಳು ಆಡಿಸುತ್ತ, ಮಗನ ಹೆಸರು ಹಿಡಿದು ಕರೆದು, ಅಳತೊಡಗಿದಳು.